ಶೀನನ ಅರಿಶಿನದ ನೀರು

ಭಾನುವಾರ ಬೆಳಿಗ್ಗೆ ಶೀನನ ಮನೆ ಜಗಲಿಯಲ್ಲಿ ಕಾಫಿಗೆ ಕಾದು ಕೂತಿದ್ದೆವು. ಬಂದದ್ದು ಗಾಜಿನ ಲೋಟದಲ್ಲಿ ಹಳದಿ ಬಿಸಿನೀರು.

"ಅರಿಶಿನ, ಕುಡೀರಿ. ಆ್ಯಂಟಿಆಕ್ಸಿಡೆಂಟು! ನಾನು ಎಣ್ಣೆ, ಹಾಲು ಬಿಟ್ಟು ಎರಡು ತಿಂಗಳಾಯ್ತು. ಬರೀ ಇದು, ಮತ್ತೆ ಹಸಿ ಕ್ಯಾರೆಟ್."

ನಾನು ಮುಲಾಜಿಗೆ ಬಿದ್ದು ಗಟಗಟ ಕುಡಿದೆ. ಮಂಜ ಮುಟ್ಟಲಿಲ್ಲ. ಡೇರಿಯಲ್ಲಿ ಮೂವತ್ತು ವರ್ಷ ದುಡಿದವನು; ಯಾರ ಮನೆಯಲ್ಲಿ ಏನು ಕೊಟ್ಟರೂ ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ. ಲೋಟ ಕಟ್ಟೆ ಮೇಲಿಟ್ಟು ಸುಮ್ನೆ ಕೂತ. ಐದು ನಿಮಿಷಕ್ಕೆ ಅರಿಶಿನವೆಲ್ಲ ತಳಕ್ಕಿಳಿದು ಕೆಸರಿನ ಹಾಗೆ ಕೂತಿತು.

"ನೋಡೋ, ಹೊಟ್ಟೆಯಲ್ಲೂ ಇದೇ ಕಥೆ. ನೀನು ಹೇಳೋ ಆ್ಯಂಟಿಆಕ್ಸಿಡೆಂಟು ಅಂದ್ರೆ ಕರ್ಕ್ಯುಮಿನ್, ಅರಿಶಿನದ ಹಳದಿ ಸತ್ವ. ಪುಡಿಯಲ್ಲಿ ಅದು ಇರೋದೇ ನೂರಕ್ಕೆ ಮೂರು ಪಾಲಿನಷ್ಟು. ಅದೂ ನೀರಿಗೆ ಕರಗಲ್ಲ, ಜಿಡ್ಡು ಬೇಕು. ಕರಗದೇ ಇದ್ದದ್ದು ಎಲ್ಲಿಂದ ಹೋಗುತ್ತೆ ಅಂತ ನಾನು ಹೇಳಬೇಕಾ?"

"ಹಾಗಾದ್ರೆ ಮೇಲೊಂದು ಚಮಚ ಎಣ್ಣೆ ಕುಡೀಲಾ?" ಶೀನನಿಗೆ ಸಿಟ್ಟು.

"ತೇಲೋ ಎಣ್ಣೆಗಿಂತ ಸಣ್ಣ ಹನಿಯಾಗಿ ಬೆರೆತ ಎಣ್ಣೆ ವಾಸಿ. ಎಮಲ್ಷನ್ ಅಂತಾರೆ. ಹಾಲೂ ಎಮಲ್ಷನ್ನೇ ಕಣಯ್ಯ."

ಹಾಲಿನ ಮಾತು ಬಂತಲ್ಲ, ಇನ್ನು ಮಂಜನನ್ನು ಹಿಡಿಯುವವರಿಲ್ಲ. ಹಸುವಿನ ಹಾಲಿನ ಜಿಡ್ಡಿನ ಹನಿ ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲು. ಹೋಮೊಜಿನೈಸ್ ಮಾಡಿದರೆ, ಅಂದರೆ ಯಂತ್ರದಲ್ಲಿ ಒತ್ತಿ ಹನಿ ಒಡೆದರೆ, ಒಂದಕ್ಕಿಂತ ಕಡಿಮೆ. ಹನಿ ಚಿಕ್ಕದಾದಷ್ಟೂ ಕರುಳಿನಲ್ಲಿ ಜಿಡ್ಡು ಒಡೆಯುವ ಲೈಪೇಸ್ ಅನ್ನುವ ಕಿಣ್ವಕ್ಕೆ ಬಾಯಿ ಹಾಕಲು ಜಾಗ ಜಾಸ್ತಿ. ಅದು ಜಿಡ್ಡನ್ನು ಒಡೆದ ಮೇಲೆ ಪಿತ್ತರಸ ಸೇರಿ ಮಿಸೆಲ್ ಅನ್ನುವ ಪುಟ್ಟ ಪುಟ್ಟ ಪೊಟ್ಟಣ ಆಗುತ್ತದೆ. ಕರ್ಕ್ಯುಮಿನ್, ಕ್ಯಾರೆಟ್ಟಿನ ಬಣ್ಣದ ಕ್ಯಾರೊಟಿನ್ ಎಲ್ಲ ಅದರಲ್ಲಿ ಕೂತು ಕರುಳಿನ ಗೋಡೆ ತಲುಪುತ್ತವೆ.

"ಎಣ್ಣೆ, ನೀರು ಜಗಳ ಆಡಲ್ವಾ?" ನಾನು ಕೇಳಿದೆ.

"ನಡುವೆ ಒಬ್ಬ ಇರಬೇಕು, ಲೆಸಿಥಿನ್ ಥರದವನು. ಒಂದು ಕೈ ಎಣ್ಣೆ ಹಿಡಿದಿರುತ್ತೆ, ಇನ್ನೊಂದು ನೀರು."

"ಅಮ್ಮ, ಹೆಂಡತಿ ಮಧ್ಯೆ ನಮ್ಮ ಶೀನ ಇದ್ದ ಹಾಗೆ," ಅಂದೆ. ಅಡುಗೆಮನೆಯಲ್ಲಿ ಪಾತ್ರೆ ದಡಾರ್ ಅಂದಿತು. ದನಿ ತಗ್ಗಿಸಿದೆವು.

ಶೀನ ಸೋಲುವ ಆಸಾಮಿಯಲ್ಲ. "ನಾನು ಕಾಳುಮೆಣಸೂ ಹಾಕ್ತೀನಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 1998ರಲ್ಲಿ ತೋರಿಸಿದ್ದಾರೆ. ಮೆಣಸಿನ ಪೈಪರಿನ್ ಇದ್ರೆ ಕರ್ಕ್ಯುಮಿನ್ ಶೇಕಡಾ 2000 ಜಾಸ್ತಿ ರಕ್ತ ಸೇರುತ್ತಂತೆ."

"ಒಪ್ಪಿದೆ. ಅವರು ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ನಿನ್ನ ಪುಡಿಯಲ್ಲಿ ಅಷ್ಟು ಸಿಗಬೇಕಾದ್ರೆ 60 ಗ್ರಾಂಗಿಂತ ಮೇಲೆ ನುಂಗಬೇಕು. ಅಷ್ಟು ಅರಿಶಿನ ನಿನ್ನ ಮದುವೆಯಲ್ಲೂ ಹಚ್ಚಿರಲಿಲ್ಲ."

"ಕ್ಯಾರೆಟ್ಟಾದರೂ ಬಿಡೋ!"

"ಅಮೆರಿಕದ ಅಯೋವಾದಲ್ಲಿ ಜಿಡ್ಡಿಲ್ಲದ ಡ್ರೆಸ್ಸಿಂಗ್ ಹಾಕಿ ಸಲಾಡ್ ತಿನ್ನಿಸಿದ್ರು. ಕ್ಯಾರೆಟ್ಟೂ ಇತ್ತು ಅದರಲ್ಲಿ. ಕ್ಯಾರೊಟಿನ್ ರಕ್ತಕ್ಕೆ ಸೇರಿದ್ದು ಹೆಚ್ಚುಕಡಿಮೆ ಸೊನ್ನೆ. 2004ರಲ್ಲೇ ಬಂದಿದೆ."

ಎರಡು ತಿಂಗಳ ಕ್ಯಾರೆಟ್ಟಿನ ಲೆಕ್ಕ ಶೀನನ ಮುಖದ ಮೇಲೆ ಓಡಿತು. ತಟ್ಟೆಯಲ್ಲಿದ್ದ ತುರಿಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಒಳಕ್ಕೆ ಕೂಗಿದ.

"ಇವಳೇ, ಈ ಕ್ಯಾರೆಟ್ಟಿಗೆ ಒಂಚೂರು ಒಗ್ಗರಣೆ ಹಾಕಿಕೊಡ್ತೀಯಾ?"

"ಎಣ್ಣೆ ಡಬ್ಬ ಪಕ್ಕದ ಮನೆಗೆ ದಾನ ಮಾಡಿ ಬಂದಿದ್ದು ಯಾರು?" ಒಳಗಿನಿಂದ ಉತ್ತರ. "ಬಟ್ಟಲು ತಗೊಂಡು ಹೋಗಿ, ಕೇಳಿಕೊಂಡು ಬನ್ನಿ!"