ಪದಚರ್ಚೆ: ಸೀರಿಯಲ್ ಕೇಬಲ್ಲಿನ ‘ಗ್ರೌಂಡ್’ ಭೂಸಂಪರ್ಕವೋ, ಅರ್ಥೋ, ಬಾಡಿಯೋ?

ಪ್ರಶ್ನೆ, ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ.

ಶಾಲೆಗಳ ಹಳೆ ಸಾಮಾನಿನ ಕೋಣೆಯಲ್ಲಿ ಉಳಿದಿರುವ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು ಈಗಿನ ಪಿಸಿಗೆ ಕಡಿಮೆ ಖರ್ಚಿನಲ್ಲಿ ಜೋಡಿಸುವ ಬಗೆ ತಿಳಿಸುವ ಒಂದು ಕನ್ನಡ ಕೈಪಿಡಿ ಇಲ್ಲಿ ಸಿದ್ಧವಾಗುತ್ತಿದೆ. 1984ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಕಲಿಕೆಯ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಏಕಾರ್ನ್ ಕಂಪನಿಯ ಪರವಾನಗಿ ಪಡೆದು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ‘ಎಸ್‌ಸಿಎಲ್ ಯುನಿಕಾರ್ನ್’ ಎಂಬ ಹೆಸರಲ್ಲಿ ಇದನ್ನು ಇಲ್ಲಿಯೂ ತಯಾರಿಸಿದ್ದರು. ಇನ್ನೂ ಓದಲು ಬರುವ ಫ್ಲಾಪಿ ಮತ್ತು ಕ್ಯಾಸೆಟ್ಟುಗಳಲ್ಲಿರುವ, ಬೇಸಿಕ್ ಎಂಬ ಪ್ರೋಗ್ರಾಮ್ ಭಾಷೆಯ ಪಾಠಗಳನ್ನು ಪಿಸಿಗೆ ಇಳಿಸಿಕೊಂಡು ಉಳಿಸುವುದು ಕೈಪಿಡಿಯ ಉದ್ದೇಶ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂಬತ್ತು ಪಿನ್ನಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಒಂದು, ಅದಕ್ಕೆ ಕೂಡುವ ಹೆಣ್ಣು ಕನೆಕ್ಟರ್ ಒಂದು, ಐದು ಎಳೆಯ ವೈರು ಒಂದೂವರೆ ಮೀಟರು, ಬಿಬಿಸಿಯ ಹಿಂಬದಿಯ ಆರ್‌ಎಸ್-423 ಸಾಕೆಟ್ಟಿಗೆ ಹೋಗುವ ಐದು ಪಿನ್ನಿನ ಡಿನ್ ಪ್ಲಗ್ ಒಂದು. ಕರಡಿನಲ್ಲಿ ವೈರಿಂಗ್ ಭಾಗ ಹೀಗಿದೆ:

“ಬಿಬಿಸಿಯ ರವಾನೆಯನ್ನು ಅಡಾಪ್ಟರಿನ 2ನೇ ಪಿನ್ನಿಗೆ, ಸ್ವೀಕಾರವನ್ನು 3ನೇ ಪಿನ್ನಿಗೆ, ಭೂಸಂಪರ್ಕವನ್ನು 5ನೇ ಪಿನ್ನಿಗೆ ಬೆಸೆಯಿರಿ. ಹಸ್ತಲಾಘವದ ಎರಡು ವೈರುಗಳನ್ನು 7 ಮತ್ತು 8ಕ್ಕೆ ಅದಲುಬದಲಾಗಿ ಕೊಡಿ.”

ಇದನ್ನು ಓದಿದವರಲ್ಲಿ ಒಬ್ಬರು ‘ಭೂಸಂಪರ್ಕ’ ತೆಗೆದು ‘ಅರ್ಥ್’ ಹಾಕಿ, ಎಲ್ಲರಿಗೂ ತಿಳಿಯುತ್ತೆ ಎಂದರು. ಇನ್ನೊಬ್ಬರು ‘ಗ್ರೌಂಡ್’ ಎಂದೇ ಇರಲಿ ಎಂದರು. ಆದರೆ ನಮ್ಮ ಕಡೆ ಅರ್ಥ್ ಅಂದ ಕೂಡಲೇ ಕಣ್ಮುಂದೆ ಬರುವುದು ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಹುಗಿದ ಪೈಪು. ಓದುವವರು 5ನೇ ಪಿನ್ನಿನ ವೈರನ್ನು ಗೋಡೆಯ ಸಾಕೆಟ್ಟಿನ ದಪ್ಪ ತೂತಿನ ಕಡೆ ಒಯ್ದರೆ ಏನು ಗತಿ? ಈ ಪಿನ್ನಿಗೆ ಯಾವ ಪದ ಸರಿ ಹೋಗುತ್ತದೆ? ‘ರವಾನೆ, ಸ್ವೀಕಾರ’ ಓದುಗರಿಗೆ ಹತ್ತುತ್ತವೆಯೇ? ಎರಡು ಯಂತ್ರಗಳು ಒಂದಕ್ಕೊಂದು ‘ಕಳಿಸು’, ‘ತಾಳು’ ಅನ್ನುವ ‘ಹ್ಯಾಂಡ್‌ಶೇಕ್’ಗೆ ಇಟ್ಟ ‘ಹಸ್ತಲಾಘವ’ದ ಬಗ್ಗೆಯೂ ಸಮಾಧಾನವಿಲ್ಲ.

ಉತ್ತರ, ರಾಯಚೂರಿನಿಂದ

ನಮಸ್ಕಾರ ಸರ್.

‘ಭೂಸಂಪರ್ಕ’ ಬೇಡ, ‘ಅರ್ಥ್’ ಅಂತೂ ಬೇಡವೇ ಬೇಡ. ನೀವು ಅಂಜಿದ್ದು ಸರಿಯಾಗಿಯೇ ಇದೆ, ಇಲ್ಲಿ ಪದ ತಪ್ಪಿದರೆ ವೈರೂ ತಪ್ಪುತ್ತದೆ.

5ನೇ ಪಿನ್ನಿನ ಕೆಲಸ ನೋಡಿ. ಬಿಬಿಸಿ ತನ್ನ ಸೊನ್ನೆಗಿಂತ ಸುಮಾರು 5 ವೋಲ್ಟ್ ಮೇಲೆ ಇಲ್ಲವೇ 5 ವೋಲ್ಟ್ ಕೆಳಗೆ ಹೋಗಿ ಒಂದೊಂದೇ ಬಿಟ್ಟನ್ನು ಕಳಿಸುತ್ತದೆ. ಮೇಲೆ, ಕೆಳಗೆ ಎಂದು ಪಿಸಿ ಗುರುತಿಸಬೇಕಾದರೆ ಅದರ ಸೊನ್ನೆಯೂ ಅದೇ ಆಗಿರಬೇಕು. ಎರಡರ ಸೊನ್ನೆಯನ್ನು ಒಂದು ಮಾಡುವ ವೈರು ಇದು. ನೆಲಕ್ಕೂ ಇದಕ್ಕೂ ನಂಟಿರಲೇಬೇಕು ಅಂತಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಯುವ ಲ್ಯಾಪ್‌ಟಾಪಿಗೆ ಯಾವ ಭೂಮಿಯೂ ಇಲ್ಲ, ಆದರೂ ಕೇಬಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಏಕಾರ್ನ್‌ನವರೇ ಬಿಬಿಸಿಯ ಕಡೆ ಈ ವೈರಿನ ಪಿನ್ನನ್ನು ‘0 ವೋಲ್ಟ್’ ಎಂದು ಗುರುತಿಸಿದ್ದಾರೆ. ಹಾಗಾಗಿ ‘ಸೊನ್ನೆ ವೈರು’ ಅಂತ ಬರೆಯಿರಿ. ಆಡಲು ಸುಲಭ, ಮೀಟರ್ ಹಿಡಿದಾಗ ಕಪ್ಪು ಕಡ್ಡಿ ಎಲ್ಲಿಡಬೇಕು ಅನ್ನುವುದೂ ಆ ಹೆಸರಲ್ಲೇ ಇದೆ.

‘ಅರ್ಥ್’ ಪದವನ್ನು ಬೇರೊಂದು ಸಾಲಿಗಾಗಿ ಕಾದಿಡಿ, ಆ ಸಾಲು ಕೈಪಿಡಿಯಲ್ಲಿ ಇರಲೇಬೇಕು. ಪಿಸಿಯ ಪವರ್ ಸಪ್ಲೈ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿನ ತಗಡಿಗೆ ಕೂಡಿರುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಸರಿಯಿದ್ದರೆ ಅವುಗಳಿಂದ ಬರುವ ಚೂರು ಕರೆಂಟು ನೆಲಕ್ಕಿಳಿದು ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ತಗಡು 230ರ ಅರ್ಧಕ್ಕೆ, ಅಂದರೆ ಹತ್ತಿರಹತ್ತಿರ 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಮುಟ್ಟಿದರೆ ಜುಮ್ ಅನ್ನುವುದು ಇದಕ್ಕೇ. ಪಿಸಿಯ ಸೊನ್ನೆಯೂ ಆ ತಗಡಿಗೇ ಸೇರಿರುವುದರಿಂದ ಅದೂ ಅಷ್ಟೇ ಮೇಲೆ ಕೂತಿರುತ್ತದೆ. ಆ ಸ್ಥಿತಿಯಲ್ಲಿ ಕೇಬಲ್ ಚುಚ್ಚಿದಾಗ ಸೊನ್ನೆ ಪಿನ್ನಿಗಿಂತ ಮೊದಲು ಡೇಟಾ ಪಿನ್ನು ತಗುಲಿದರೆ ಆ ಹೊಡೆತ ನೇರ ಸೀರಿಯಲ್ ಸಂಕೇತ ನೋಡಿಕೊಳ್ಳುವ ಲೈನ್ ಐಸಿಗೆ ಬೀಳುತ್ತದೆ. ಕರೆಂಟು ಚೂರೇ ಆದರೂ ಐಸಿ ಸಾಯಲು ಅಷ್ಟು ಸಾಕು. ಹಳೆ ಶಾಲಾ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ಟು ಇದ್ದರೂ ಹಿಂದೆ ಅರ್ಥ್ ವೈರೇ ಬಂದಿರುವುದಿಲ್ಲ. ಬಂದಿದ್ದರೂ ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಪೈಪಿನ ಸುತ್ತ ಮಣ್ಣು ಸಡಿಲಾಗುತ್ತದೆ. ಅರ್ಥ್ ಗುಂಡಿಗೆ ಬಿಂದಿಗೆಗಟ್ಟಲೆ ನೀರು ಹೊಯ್ಯುವುದು ಸುಮ್ಮನೆ ಅಲ್ಲ.

ಆ ಸಾಲನ್ನು ಹೀಗೆ ಬರೆಯಬಹುದು: “ಎರಡೂ ಯಂತ್ರ ಆರಿಸಿರುವಾಗಲೇ, ಪ್ಲಗ್ಗುಗಳನ್ನು ಗೋಡೆಯಿಂದ ಕಿತ್ತ ಮೇಲೆ ಕೇಬಲ್ ಹಾಕಿ. ಆಮೇಲೆ ಎರಡನ್ನೂ ಅರ್ಥ್ ಸರಿಯಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅರ್ಥ್ ಬಗ್ಗೆ ಅನುಮಾನವಿದ್ದರೆ ಪಿಸಿ ಬಿಟ್ಟು, ಚಾರ್ಜರ್ ತೆಗೆದ ಲ್ಯಾಪ್‌ಟಾಪ್ ಬಳಸಿ.” ಸೊನ್ನೆಗೂ ಅರ್ಥಿಗೂ ಒಂದೇ ಪದ ಇಟ್ಟಿದ್ದರೆ ಇಷ್ಟನ್ನು ಹೇಳಲು ಬರುತ್ತಲೇ ಇರಲಿಲ್ಲ.

ಇನ್ನು ‘ರವಾನೆ, ಸ್ವೀಕಾರ’. ಪದಗಳಲ್ಲಿ ದೋಷವಿಲ್ಲ, ಯಾರ ರವಾನೆ ಅನ್ನುವುದು ಬಿಟ್ಟುಹೋಗಿದೆ. ಬಿಬಿಸಿ ಕಳಿಸಿದ್ದು ಪಿಸಿಗೆ ಬರುವಂಥದ್ದು. ಮಾರುಕಟ್ಟೆಯ ಅಡಾಪ್ಟರುಗಳ ಮೇಲಿನ ಗುರುತಂತೂ ಕೆಲವದರಲ್ಲಿ ತನ್ನ ಕಡೆಯಿಂದ, ಕೆಲವದರಲ್ಲಿ ಎದುರಿನ ಯಂತ್ರದ ಕಡೆಯಿಂದ ಇರುತ್ತದೆ. ಆದ್ದರಿಂದ ಹೆಸರಿನೊಳಗೇ ಯಂತ್ರ ಬರಲಿ: ‘ಬಿಬಿಸಿ ಕಳಿಸುವ ವೈರು’, ‘ಪಿಸಿ ಕಳಿಸುವ ವೈರು’. ‘ಪಡೆಯುವ’ ಅನ್ನುವ ಪದವೇ ಬೇಡ. ಪ್ರತಿ ವೈರಿಗೂ ಕಳಿಸುವವನು ಒಬ್ಬನೇ ಇರುತ್ತಾನೆ, ಅವನ ಹೆಸರು ಸಾಕು.

ಈ ಹೆಸರನ್ನು ಮೀಟರಿನಲ್ಲೇ ಖಚಿತ ಮಾಡಿಕೊಳ್ಳಬಹುದು. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಸೊನ್ನೆಗೆ ಹಚ್ಚಿ, ಕೆಂಪು ಕಡ್ಡಿಯಿಂದ ಎರಡು ಡೇಟಾ ಪಿನ್ನುಗಳನ್ನು ಮುಟ್ಟಿ. ಏನೂ ಕಳಿಸದೆ ಸುಮ್ಮನಿರುವಾಗ ಕಳಿಸುವ ಪಿನ್ನು ಮೈನಸ್ ತೋರಿಸುತ್ತದೆ. ಬಿಬಿಸಿಯಲ್ಲಿ ಮೈನಸ್ 5ರ ಆಸುಪಾಸು, ಅಡಾಪ್ಟರಿನಲ್ಲಿ 3ನೇ ಪಿನ್ನಿಗೆ ಮೈನಸ್ 5ರಿಂದ 10ರವರೆಗೆ. ಇನ್ನೊಂದು ಪಿನ್ನು ಸೊನ್ನೆಯ ಹತ್ತಿರವೇ ಇರುತ್ತದೆ. ಮೈನಸ್ ತೋರಿಸುವ ಎರಡು ಪಿನ್ನುಗಳು ಒಂದಕ್ಕೊಂದು ಕೂಡಬಾರದು. ಬಿಬಿಸಿಯಲ್ಲಿ ಮೈನಸ್ ಬರದೇ ಇದ್ದರೆ ಕೇಬಲ್ಲನ್ನು ಬೈಯುವ ಮೊದಲು ಅದರ ಪವರ್ ಸಪ್ಲೈಯಿಂದ ಮೈನಸ್ 5 ವೋಲ್ಟ್ ಬರುತ್ತಿದೆಯೇ ನೋಡಿ. ಆ ಒಂದು ಲೈನು ಹೋಗಿದ್ದರೂ ಯಂತ್ರ ಮೇಲುನೋಟಕ್ಕೆ ಸರಿಯಾಗಿಯೇ ನಡೆಯುತ್ತದೆ, ಆದರೆ ಸೀರಿಯಲ್ ಸತ್ತಿರುತ್ತದೆ.

ಅಡಾಪ್ಟರಿನಲ್ಲಿ ಪ್ಲಸ್ 3.3 ಅಥವಾ ಪ್ಲಸ್ 5 ಬಂದರೆ ಅದು ಟಿಟಿಎಲ್ ಜಾತಿಯದು, ಮೈಕ್ರೋಕಂಟ್ರೋಲರ್ ಬೋರ್ಡುಗಳಿಗೆ ಕೊಡುವ ನಾಲ್ಕೈದು ಕಡ್ಡಿಯ ಪುಟ್ಟ ಹಲಗೆ. ಅಗ್ಗ ಅಂತ ಅದನ್ನೇ ನೇರ ಕೂಡಿಸಬಾರದು. ಅದರ ಒಂದು–ಸೊನ್ನೆ ತಲೆಕೆಳಗು, ಮೇಲಾಗಿ ಬಿಬಿಸಿಯ ಮೈನಸ್ 5 ಅದರ ಪಿನ್ನನ್ನು ಸುಡಬಹುದು. ನಡುವೆ ವೋಲ್ಟೇಜ್ ಹೊಂದಿಸಿಕೊಡುವ ಮ್ಯಾಕ್ಸ್ 3232 ಹಲಗೆ ಹಾಕಿದರೆ ಆದೀತು. ಅಷ್ಟರ ಬದಲು ಒಂಬತ್ತು ಪಿನ್ನಿನದನ್ನೇ ತರುವುದು ಸುಲಭ.

ಉತ್ತರ, ಕೊಪ್ಪಳದಿಂದ

ರಾಯಚೂರಿನ ಮೇಡಂ ಹೇಳಿದ ‘ಸೊನ್ನೆ ವೈರು’ ಒಪ್ಪುವಂಥ ಮಾತು. ಆದರೂ ರಿಪೇರಿ ಅಂಗಡಿಯವರ ಪದ ಬೇರೆ ಇದೆ, ಅದನ್ನು ಕೈಪಿಡಿಯಲ್ಲಿ ಎದುರಿಸಲೇಬೇಕು. ಬೈಕು, ಟ್ರ್ಯಾಕ್ಟರ್, ಆಂಪ್ಲಿಫೈಯರ್ ಕೆಲಸ ಮಾಡುವವರು ಇದಕ್ಕೆ ‘ಬಾಡಿ’ ಅಂತಲೋ ‘ನೆಗೆಟಿವ್’ ಅಂತಲೋ ಅಂತಾರೆ. ಕೇಬಲ್ ಬೆಸೆದು ಕೊಡುವವರು ಅವರೇ ತಾನೇ.

ಅವರ ಕೆಲಸಕ್ಕೆ ಎರಡೂ ಪದ ಸರಿ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ನೆಗೆಟಿವ್ ಚಾಸಿಗೇ ಕೂಡಿರುತ್ತದೆ, ಅದಕ್ಕಿಂತ ಕೆಳಗಿನ ವೋಲ್ಟೇಜ್ ಅಲ್ಲಿ ಇರುವುದೇ ಇಲ್ಲ. ಇಲ್ಲಿ ಸೊನ್ನೆಯ ಕೆಳಗೆ ಮೈನಸ್ 5 ಇದೆ. ‘ನೆಗೆಟಿವ್’ ಅಂದರೆ ಮೀಟರಿನಲ್ಲಿ ಮೈನಸ್ ಬಂದ ಪಿನ್ನನ್ನೇ, ಅಂದರೆ ಬಿಬಿಸಿ ಕಳಿಸುವ ಪಿನ್ನನ್ನೇ, 5ಕ್ಕೆ ಬೆಸೆದು ಬಿಡುವ ಭಯ ಉಂಟು. ‘ಬಾಡಿ’ ಅಂದರೆ ಬಿಬಿಸಿಯ ಡಬ್ಬ ಪ್ಲಾಸ್ಟಿಕ್ಕು, ಬಾಡಿ ಹುಡುಕುವವರ ಕೈಗೆ ಸಿಗುವುದು ಕನೆಕ್ಟರಿನ ತಗಡಿನ ಸುತ್ತುಪಟ್ಟಿ. ಆ ಪಟ್ಟಿ ಎಲ್ಲ ಅಡಾಪ್ಟರುಗಳಲ್ಲೂ 5ನೇ ಪಿನ್ನಿಗೆ ಕೂಡಿರುತ್ತದೆ ಅನ್ನುವ ಹಾಗಿಲ್ಲ. ‘ಸೊನ್ನೆ ವೈರು, 5ನೇ ಪಿನ್ನು. ಬಾಡಿಗೆ ಕೊಡಬೇಡಿ’ ಅಂತ ಬೆಸೆಯುವವರ ಮಾತಿನಲ್ಲೇ ಒಂದು ಸಾಲು ಸೇರಿಸಿ.

ನಿಮ್ಮ ಕರಡಿನ ‘ಐದು ಪಿನ್ನಿನ ಡಿನ್ ಪ್ಲಗ್’ ಸಾಲದು. ಅಂಗಡಿಯಲ್ಲಿ ಹಾಗೆ ಕೇಳಿದರೆ ಹಳೆ ಟೇಪ್ ರೆಕಾರ್ಡರಿನ ಅರ್ಧಚಂದ್ರದ ಪ್ಲಗ್ಗೇ ಕೈಗೆ ಬರುತ್ತದೆ, ಅದು ಒಳಗೆ ಹೋಗುವುದಿಲ್ಲ. ಬೇಕಾದದ್ದು ಡೊಮಿನೋ ಡಿನ್: ದಾಳದ ಐದರ ಮುಖದಂತೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ‘ಐದುಚುಕ್ಕಿ ಪ್ಲಗ್’ ಅಂತ ಬರೆದು ಪಕ್ಕದಲ್ಲಿ ಚಿತ್ರ ಹಾಕಿದರೆ ಗೊಂದಲವಿಲ್ಲ. ನಡುವಿನ ಪಿನ್ನೇ ಸೊನ್ನೆ. ಈ ಪ್ಲಗ್ಗು ತಲೆಕೆಳಗಾಗಿಯೂ ಸಲೀಸಾಗಿ ಕೂಡುತ್ತದೆ. ನಡುವಿನದು ಹಾಗೇ ಉಳಿದು ಮೂಲೆಯವು ಎದುರುಬದುರಾಗುತ್ತವೆ, ಆಗ ಕೇಬಲ್ ಸರಿಯಿದ್ದರೂ ಒಂದಕ್ಷರ ದಾಟುವುದಿಲ್ಲ. ಬೆಸೆದು ಪರೀಕ್ಷೆ ಮಾಡಿದ ಮೇಲೆ ಮೇಲ್ಬದಿಗೆ ಬಿಳಿ ಬಣ್ಣದ ಗುರುತು ಹಚ್ಚಿಸಿ.

ಮತ್ತೊಂದು ಪದ, ನೀವು ಕೇಳದೇ ಇದ್ದರೂ. ಇಷ್ಟು ವರ್ಷ ಮೂಲೆಯಲ್ಲಿದ್ದ ಬಿಬಿಸಿಗೆ ಕರೆಂಟು ಕೊಡುವ ಮೊದಲು ಪವರ್ ಸಪ್ಲೈ ಒಳಗಿನ ಮೇನ್ಸ್ ಫಿಲ್ಟರ್ ಕೆಪಾಸಿಟರುಗಳನ್ನು ಬದಲಿಸಬೇಕು. ಹಳದಿ ಬಣ್ಣದ ಕವಚ ಬಿರುಕು ಬಿಟ್ಟು ತೇವ ಹೀರಿರುತ್ತದೆ, ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಹೊಗೆ ಕಾರುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಇದಕ್ಕೆ ‘ಕಂಡೆನ್ಸರ್’ ಅನ್ನುವುದೇ ರೂಢಿ. ಬರೀ ಕಂಡೆನ್ಸರ್ ಅಂದರೆ ಫ್ಯಾನಿನದು ಕೊಡುತ್ತಾರೆ. ‘ಎಕ್ಸ್2 ಕಂಡೆನ್ಸರ್, 275 ವೋಲ್ಟ್ ಎಸಿ, 0.1 ಮೈಕ್ರೋಫ್ಯಾರಡ್ ಒಂದು, 0.01 ಒಂದು’ ಅಂತ ಚೀಟಿ ಬರೆದುಕೊಡಿ. ತೆಗೆದ ಹಳೆಯದರ ಮೇಲಿನ ಅಂಕೆಗೆ ತಾಳೆ ನೋಡಿಯೇ ಹಾಕಿ. ‘ಧಾರಕ’ ಪಠ್ಯಪುಸ್ತಕದಲ್ಲಿ ಚೆಂದ, ಚೀಟಿಯಲ್ಲಿ ನಡೆಯುವುದಿಲ್ಲ.

ಮರುಪ್ರಶ್ನೆ, ಬಳ್ಳಾರಿಯಿಂದ

ಇಬ್ಬರಿಗೂ ಧನ್ಯವಾದ. ‘ಸೊನ್ನೆ ವೈರು’, ‘ಬಿಬಿಸಿ ಕಳಿಸುವ ವೈರು’, ‘ಐದುಚುಕ್ಕಿ ಪ್ಲಗ್’ ಈ ಮೂರನ್ನೂ ಕರಡಿಗೆ ಸೇರಿಸಿದ್ದೇವೆ. ಉಳಿದದ್ದು ‘ಹಸ್ತಲಾಘವ’. ಆ ಎರಡು ವೈರುಗಳನ್ನೇ ಬಿಟ್ಟು ಮೂರು ವೈರಿನಲ್ಲಿ ಕೆಲಸ ಮುಗಿಸಬಹುದು, ಆಗ ಪದವೂ ಬೇಡ ಎಂಬ ಸಲಹೆಯೊಂದು ಬಂದಿದೆ. ಸಾಧ್ಯವೇ?

ಉತ್ತರ, ರಾಯಚೂರಿನಿಂದ

ಬಿಡಬೇಡಿ ಸರ್. ಎದುರಿನಿಂದ ‘ಕಳಿಸು’ ಅನ್ನುವ ಪ್ಲಸ್ ವೋಲ್ಟೇಜ್ ಬಾರದ ತನಕ ಬಿಬಿಸಿ ಒಂದಕ್ಷರವನ್ನೂ ಹೊರಗೆ ಬಿಡುವುದಿಲ್ಲ. ಪಿಸಿ ಬೇಗ ಬೇಗ ಕಳಿಸಿದಾಗ ಬಿಬಿಸಿ ‘ತಾಳು’ ಅನ್ನುವುದೂ ಇಂಥದೇ ಇನ್ನೊಂದು ವೈರಿನಲ್ಲಿ. ಕೈಕುಲುಕುವುದು ಒಮ್ಮೆ ಮುಗಿಯುವ ಕೆಲಸ, ಇದು ಮಾತಿನುದ್ದಕ್ಕೂ ನಡೆಯುವಂಥದ್ದು. ಅದಕ್ಕೆ ‘ತಾಳು–ಕಳಿಸು ವೈರು’ ಅನ್ನುವುದು ನನಗೆ ಹಿಡಿಸುತ್ತದೆ. ಬಿಬಿಸಿ ‘ತಾಳು–ಕಳಿಸು’ ಹೇಳುವ ಪಿನ್ನು, ಅಂದರೆ ಆರ್‌ಟಿಎಸ್, ಅಡಾಪ್ಟರಿನ 8ಕ್ಕೆ; ಬಿಬಿಸಿ ಅದನ್ನು ಕೇಳುವ ಪಿನ್ನು, ಅಂದರೆ ಸಿಟಿಎಸ್, 7ಕ್ಕೆ.

ಪಿಸಿಯ ಟರ್ಮಿನಲ್ ಪ್ರೋಗ್ರಾಮಿನಲ್ಲಿ 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್ಟಿನ ವೇಗ), 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇಡಿ. ಫ್ಲೋ ಕಂಟ್ರೋಲ್ ಅನ್ನುವಲ್ಲಿ ಆರ್‌ಟಿಎಸ್–ಸಿಟಿಎಸ್ ಆರಿಸಿ. ಅದನ್ನು ಮರೆತರೆ ವೈರಿದ್ದೂ ಇಲ್ಲದಂತೆ. ಬಿಬಿಸಿಯ ಸೆಟ್ಟಿಂಗ್ ಬದಲಿಸುವ ಆದೇಶ *FX. ಬಿಬಿಸಿಯಲ್ಲಿ *ಎಫ್‌ಎಕ್ಸ್ 7,7 ಮತ್ತು *ಎಫ್‌ಎಕ್ಸ್ 8,7 ಕೊಟ್ಟರೆ ಬರುವುದೂ ಹೋಗುವುದೂ 9600ಕ್ಕೆ ನಿಲ್ಲುತ್ತದೆ. ಪಾಠವನ್ನು ಪಿಸಿಗೆ ಇಳಿಸಲು ಪ್ರೋಗ್ರಾಮ್ ಲೋಡ್ ಮಾಡಿ, ಪಿಸಿಯಲ್ಲಿ ಲಾಗ್ ಶುರು ಮಾಡಿ, *ಎಫ್‌ಎಕ್ಸ್ 3,1 ಕೊಟ್ಟು ‘ಲಿಸ್ಟ್’ ಆದೇಶ ಕೊಡಿ. ಪರದೆಯ ಮೇಲೆ ಬಂದದ್ದೆಲ್ಲ ಪಿಸಿಗೂ ಬರುತ್ತದೆ. ಮುಗಿದ ಮೇಲೆ *ಎಫ್‌ಎಕ್ಸ್ 3,0. ಪಿಸಿಯಿಂದ ಬಿಬಿಸಿಗೆ ಕಳಿಸಲು *ಎಫ್‌ಎಕ್ಸ್ 2,1. ಆಗ ಕೀಬೋರ್ಡಿನ ಬದಲು ಸೀರಿಯಲ್ಲಿನಿಂದ ಬಂದದ್ದನ್ನೇ ಬಿಬಿಸಿ ಟೈಪ್ ಮಾಡಿದಂತೆ ತೆಗೆದುಕೊಳ್ಳುತ್ತದೆ. ಕೀಲಿ ಒತ್ತಿದರೂ ಯಂತ್ರ ಕೇಳುವುದಿಲ್ಲ ಅಂತ ಗಾಬರಿ ಬೇಡ, ಬ್ರೇಕ್ ಕೀ ಒತ್ತಿದರೆ ಮೊದಲಿನಂತಾಗುತ್ತದೆ. ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಒಂದೇ ಹೋಗುವಂತೆ ಟರ್ಮಿನಲ್ಲಿನಲ್ಲಿ ಆರಿಸಿರಿ.

ಇಷ್ಟಾದರೂ ಕಳಿಸಿದ ಪ್ರೋಗ್ರಾಮಿನ ನಡುನಡುವೆ ಅಕ್ಷರ ಬಿದ್ದುಹೋಗುತ್ತಿದ್ದರೆ ಕಾರಣ ಹೀಗೆ. ಬಿಬಿಸಿಯ ಸೀರಿಯಲ್ ಬಫರ್ 256 ಬೈಟು, ಅದರಲ್ಲಿ 9 ಬೈಟಿನ ಜಾಗ ಉಳಿದಾಗ ಅದು ‘ತಾಳು’ ಅನ್ನುತ್ತದೆ. ಕೆಲವು ಅಡಾಪ್ಟರುಗಳು ‘ತಾಳು’ ಕೇಳಿದ ಮೇಲೂ ತಮ್ಮೊಳಗೆ ಸೇರಿಕೊಂಡಿದ್ದನ್ನು ಕಳಿಸಿಯೇ ನಿಲ್ಲುತ್ತವೆ, 9 ಬೈಟು ಸಾಲುವುದಿಲ್ಲ. *ಎಫ್‌ಎಕ್ಸ್ 203,64 ಕೊಟ್ಟರೆ 64 ಬೈಟು ಜಾಗ ಇರುವಾಗಲೇ ತಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಬಾಡ್ ಇಳಿಸಿ: 7,5 ಮತ್ತು 8,5 ಅಂದರೆ 2400, ಪಿಸಿಯಲ್ಲೂ ಅಷ್ಟೇ ಇಡಬೇಕು.