ಸಹಾಯ ಬೇಕು: ಯೋಗ ಮಾಡುವಾಗ ಅಮ್ಮನಿಗೆ ಕಾಲು ಹಿಡಿದುಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ, ದಿನಾ ಯೋಗ ಮಾಡುತ್ತಾರೆ. ಈಚೆಗೆ ಸೇತುಬಂಧಾಸನದಲ್ಲಿ (ಅಂಗಾತ ಮಲಗಿ, ಮಂಡಿ ಮಡಿಸಿ ಮಾಡುವ ಆಸನ) ಸೊಂಟ ಎತ್ತಿದ ಕೂಡಲೇ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ವಜ್ರಾಸನದಲ್ಲಿ, ಅಂದರೆ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತರೆ ಅಂಗಾಲು ಸೆಳೆದು, ಹೆಬ್ಬೆರಳು ತಿರುಚಿಕೊಂಡು ಕಲ್ಲಿನಂತಾಗುತ್ತದೆ. ಕಾಲು ಚಾಚಿಸಿ, ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ಹಿಡಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಆದರೆ ಬರದಂತೆ ತಡೆಯಬೇಕಲ್ವಾ?

ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದೇ ಕಡಿಮೆ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಬೇರೆ ಇದೆ. ಅದರಿಂದಲೂ ಸೆಳೆತ ಬರಬಹುದು, ಹಾಗಾಗಿ ಡಾಕ್ಟರನ್ನು ಕೇಳುತ್ತೇನೆ. ನಾವಾಗಿ ಮಾತ್ರೆ ನಿಲ್ಲಿಸಿಲ್ಲ. ಯೋಗ ಬಿಡಿಸಲು ಮಾತ್ರ ಮನಸ್ಸಿಲ್ಲ, ಅವರ ದಿನ ಶುರುವಾಗುವುದೇ ಅದರಿಂದ.

ವಯಸ್ಸಾದವರಿಗೆ ಯೋಗ ಹೇಳಿಕೊಡುವವರು ಇದ್ದರೆ ದಯವಿಟ್ಟು ತಿಳಿಸಿ. ಆಸನಕ್ಕೆ ಮೊದಲು ಕೈಕಾಲು ಸಡಿಲಿಸಲು ಎಷ್ಟು ಹೊತ್ತು ಬೇಕು? ವಜ್ರಾಸನದಲ್ಲಿ ಪಾದದ ಗಂಟಿನ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ಅನುಕೂಲವಾ?