ತಂಗಡಿ ಬೀಜ ಮೊಳೀತಿಲ್ಲ, ಬಂದ ಗಿಡಾನೂ ಹಳದಿ ಆಗ್ತಿದೆ, ಜೊತೆಗೆ ಹಸಿರು ಹುಳ

ಬದುವಿನಹೂ:
ಎಲ್ರಿಗೂ ನಮಸ್ಕಾರ. ನಮ್ದು ಸಿರಾ ಹತ್ರ ಮಳೆ ನಂಬಿದ ಹೊಲ. ಬದುವಿನುದ್ದಕ್ಕೂ ತಂಗಡಿ, ಅಂದ್ರೆ ಹಳದಿ ಹೂ ಬಿಡೋ ಆವರಿಕೆ ಗಿಡ, ಇತ್ತು, ದೀಪಾವಳಿಗೆ ಅಜ್ಜಿ ಅಲ್ಲೇ ಹೂ ಬಿಡಿಸ್ತಿದ್ರು, ಆಮೇಲೆ ಜೆಸಿಬಿ ತರ್ಸಿ ಬದು ಸರಿ ಮಾಡ್ಸಿದ್ವಿ ನೋಡಿ ಒಂದೂ ಉಳೀಲಿಲ್ಲ. ಈಗ ಮತ್ತೆ ಬೆಳೆಸ್ಬೇಕು ಅಂತ ರಸ್ತೆ ಬದಿ ಗಿಡದಿಂದ ಒಣ ಕಾಯಿ ತಂದು 60 ಬೀಜ ಹಾಕ್ದೆ, ತಿಂಗಳಾದ್ರೂ ಬಂದಿದ್ದು ನಾಲ್ಕೇ. ಅವನ್ನ ಕುಂಡದಲ್ಲಿ ಕೋಕೋಪೀಟು (ತೆಂಗಿನ ನಾರಿನ ಪುಡಿ), ಗೊಬ್ಬರ ಹಾಕಿ ದಿನಾ ನೀರು ಕೊಟ್ಟು ಸಾಕ್ತಿದೀನಿ, ಆದ್ರೂ ಕೆಳಗಿನ ಎಲೆ ಹಳದಿಯಾಗಿ ಉದುರ್ತಿವೆ. ಎರಡು ಗಿಡದಲ್ಲಿ ಹಸಿರು ಹುಳ ಬೇರೆ. ಬೇವಿನೆಣ್ಣೆ ಹೊಡೀಲಾ?

ಕೆಮ್ಮಣ್ಣು:
ಅಣ್ಣ, ಬೇವಿನೆಣ್ಣೆ ದಯವಿಟ್ಟು ಹೊಡೀಬೇಡಿ. ಆ ಹುಳದ ಎರಡೂ ಪಕ್ಕ ಉದ್ದಕ್ಕೆ ಬಿಳಿ ಗೆರೆ, ಗೆರೆ ಮೇಲೆ ಸಣ್ಣ ಕಪ್ಪು ಚುಕ್ಕಿ ಸಾಲು ಇದ್ಯಾ ನೋಡಿ. ಇದ್ರೆ ಅದು ಮಾಟಲ್ಡ್ ಎಮಿಗ್ರೆಂಟ್ ಚಿಟ್ಟೆ ಮರಿ, ತಂಗಡಿ ಜಾತಿ ಗಿಡಗಳ ಎಲೆ ತಿಂದೇ ಬೆಳೆಯೋದು. ದೊಡ್ಡ ಗಿಡ ಬೋಳಾದ್ರೂ ಮತ್ತೆ ಚಿಗುರತ್ತೆ, ನಿಮ್ದು ಇನ್ನೂ ಸಣ್ಣದು ಅಂದ್ರೆ ಹುಳಾನ ಕಡ್ಡಿಯಲ್ಲಿ ಎತ್ತಿ ರಸ್ತೆ ಬದಿ ಗಿಡಕ್ಕೆ ಬಿಡಿ.

ಬೀಜದ ವಿಷಯ, ಸಿಪ್ಪೆ ತುಂಬಾ ಗಟ್ಟಿ, ನೀರು ಒಳಗೇ ಹೋಗಲ್ಲ. ನೀರು ಕುದಿಸಿ ಒಲೆಯಿಂದ ಇಳಿಸಿ ಅದ್ರಲ್ಲಿ ಬೀಜ ಹಾಕಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಊದಿರೋದು ಮಾತ್ರ ಬಿತ್ತಿ. ಊದದೇ ಇರೋದನ್ನ ಸ್ಯಾಂಡ್‌ಪೇಪರ್‌ಗೆ ಒಂದು ಕಡೆ ಮಾತ್ರ ಹಗುರವಾಗಿ ಉಜ್ಜಿ ಮತ್ತೆ ನೆನೆಹಾಕಿ.

ಹಳದಿ ಆಗ್ತಿರೋದು ನೀರು ಜಾಸ್ತಿ ಆಗಿ, ನನಗೆ ಅದ್ರಲ್ಲಿ ಅನುಮಾನ ಇಲ್ಲ. ಕಲ್ಲುಗರಸಿನಲ್ಲಿ ಬೇಸಿಗೆ ಕಳೆಯೋ ಗಿಡ ಅದು, ಒದ್ದೆ ಕೋಕೋಪೀಟಲ್ಲಿ ಬೇರು ಕೊಳೆಯತ್ತೆ. ಗೊಬ್ಬರ ನಿಲ್ಸಿ, ಹೊಲದ ಮಣ್ಣಿಗೆ ಮರಳು ಸೇರ್ಸಿ, ಮೇಲ್ಮಣ್ಣು ಪೂರ್ತಿ ಒಣಗಿದ್ಮೇಲೆ ನೀರು. ತಾಯಿಬೇರು ಬೇಗ ಆಳಕ್ಕೆ ಇಳಿಯೋದ್ರಿಂದ ಕುಂಡದಿಂದ ಕಿತ್ತು ನೆಟ್ರೆ ಎಷ್ಟೋ ಸಲ ಸಾಯತ್ತೆ, ಉಳಿದ ಬೀಜ ಮುಂಗಾರು ಹಿಡಿದ ತಕ್ಷಣ ಬದುವಿಗೇ ಹಾಕಿಬಿಡಿ.

ಒಣಬಿದಿರು:
ನರ್ಸರಿಯಿಂದ ಮಾತ್ರ ತರಬೇಡಿ ಸರ್. ನನಗೆ ತಂಗಡಿ ಅಂತ ಕೊಟ್ಟಿದ್ದು ಸೆನ್ನಾ ಸ್ಪೆಕ್ಟಾಬಿಲಿಸ್, ಬಂಡೀಪುರ, ನಾಗರಹೊಳೆ ಕಾಡನ್ನ ನುಂಗ್ತಿರೋ ಅದೇ ಮರ, ಗೊತ್ತಾದ ದಿನವೇ ಕಿತ್ತು ಹಾಕಿದೆ. ತಂಗಡಿ ಗುರುತು ಸುಲಭ, ಎಲೆದಂಟಿನ ಬುಡದಲ್ಲಿ ಕಿವಿಯಾಕಾರದ ಅಗಲ ಎಸಳು ಇರತ್ತೆ, ಸಸ್ಯಶಾಸ್ತ್ರದಲ್ಲಿ ಆರಿಕ್ಯುಲಾಟ ಅನ್ನೋ ಹೆಸರು ಅದಕ್ಕೇ. ಜೋಡಿ ಎಲೆಗಳ ನಡುವೆ ಕಡ್ಡಿ ಥರದ ಸಣ್ಣ ಗ್ರಂಥಿ ಇರತ್ತೆ, ಅದ್ರ ಸಿಹಿಗೆ ಇರುವೆ ಬರತ್ತೆ, ಅದನ್ನೂ ರೋಗ ಅಂದ್ಕೋಬೇಡಿ.

ಇನ್ನೊಂದು, ಹೂವಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ತೂತಿಂದ ಬರ್ಬೇಕು. ಕರಿ ದುಂಬಿ, ಅದೇ ಕಾರ್ಪೆಂಟರ್ ಬೀ, ಹೂವನ್ನ ತಬ್ಬಿ ಹಿಡಿದು ಮೈ ಅದುರಿಸತ್ತೆ, ಹಾರುವಾಗಿನ ಸದ್ದೇ ಬೇರೆ ಆಗ ಬರೋ ಝುಂಯ್ ಸದ್ದೇ ಬೇರೆ, ಪರಾಗ ಅದ್ರ ಹೊಟ್ಟೆ ಮೇಲೆ ಹಳದಿ ಹಿಟ್ಟು ಚೆಲ್ಲಿದಂಗೆ ಬೀಳತ್ತೆ. ನಮ್ಮ ಜೇನು ಹಂಗೆ ಅದುರಿಸಲ್ಲ. ಈ ದುಂಬಿ ಗೂಡು ಮಾಡೋದು ಒಣ ಬಿದಿರು, ಒಣ ಮರದಲ್ಲಿ, ಅದಕ್ಕೆ ಬೇಲಿಯ ಹಳೇ ಗಳ ಸುಡಬೇಡಿ.

ಬದುವಿನಹೂ:
ಇಬ್ರಿಗೂ ಥ್ಯಾಂಕ್ಸ್. ಬಿಸಿನೀರಲ್ಲಿ 40 ಹಾಕಿದ್ದೆ, 31 ಊದಿದ್ವು, ಮಳೆ ಆದ್ಮೇಲೆ ಬದುವಿಗೆ ಬಿತ್ತಿದ್ದೀನಿ, ಇವತ್ತಿಗೆ 22 ಮೊಳೆತಿವೆ. ಕುಂಡದ್ದು ಎರಡು ಹೋಯ್ತು, ಎರಡು ಚಿಗುರ್ತಿವೆ. ಗೆರೆ ಚುಕ್ಕಿ ಎರಡೂ ಇತ್ತು, ಒಂದು ಹುಳ ಕೈಗೆ ಸಿಗದೆ ಉಳ್ಕೊಂಡು ಈಗ ಕಡ್ಡಿಗೆ ನೂಲು ಕಟ್ಕೊಂಡು ಹಸಿರು ಕೋಶ ಆಗಿದೆ, ಮಗಳು ಸ್ಕೂಲಿಂದ ಬಂದ ತಕ್ಷಣ ಬ್ಯಾಗೂ ಇಳಿಸದೆ ಮೊದ್ಲು ಅಲ್ಲಿಗೇ ಹೋಗ್ತಾಳೆ. ಬಿದಿರಿನ ಗಳ ಹಂಗೇ ಇದಾವೆ, ಸುಡಲ್ಲ.